ಪೀಟ್ ತುಳಿದದ್ದು ಪುಂಡಾಟವಲ್ಲ, ಲೆಕ್ಕಾಚಾರ

ಮಾನ್ಯ ಸಂಪಾದಕರೇ,

ಹದಿನಾರು, ಹದಿನೇಳನೇ ಶತಮಾನದ ಸ್ಕಾಟ್ಲೆಂಡ್‌ನಲ್ಲಿ ಜಮೀನ್ದಾರರು ಜಂಟಿ ಹುಲ್ಲುಗಾವಲಿಗಾಗಿ ಕತ್ತಿ, ಭರ್ಜಿ, ಕೋವಿ ಹಿಡಿದು ಬಡಿದಾಡಿದ ಪ್ರಸಂಗಗಳನ್ನು 'ಒರಟು ಕಾಲದ ಪುಂಡಾಟ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೇ ಹೆಚ್ಚು. ಆ ನಾಡಿನ ಭೂ ಕಾನೂನನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ವಿಷಯ ಬೇರೆಯೇ ಇದೆ. ನೆರೆಯವನ ದನ ಅಟ್ಟಿದ್ದು, ಅವನು ಕೊಯ್ದು ಒಣಗಲು ಹಾಕಿದ ಪೀಟನ್ನು, ಅಂದರೆ ಒಲೆಗೆ ಉರಿಸುವ ಜೌಗುಮಣ್ಣನ್ನು, ತುಳಿದು ಹಾಳು ಮಾಡಿದ್ದು, ಕಟ್ಟಿದ ಗೋಡೆ ಕೆಡವಿದ್ದು, ಇವೆಲ್ಲ ಹಕ್ಕು ಉಳಿಸಿಕೊಳ್ಳಲು ಇಟ್ಟ ಹೆಜ್ಜೆಗಳು. ಸುಮ್ಮನಿದ್ದವನು ನೆಲ ಕಳೆದುಕೊಳ್ಳುತ್ತಿದ್ದ. ಗೋಮಾಳದ ತಕರಾರಿನ ಸುದ್ದಿಯನ್ನು ಮತ್ತೆ ಮತ್ತೆ ಓದುವ ನಮಗೆ ಇದರ ಒಳಸುಳಿ ತಿಳಿದಿರುವುದು ಒಳ್ಳೆಯದು.

ಅಲ್ಲಿನವರು 'ಕಾಮಂಟಿ' ಎನ್ನುತ್ತಿದ್ದ ನೆಲ ನಮ್ಮ ಗೋಮಾಳದ ಹಾಗೆ ಸರ್ಕಾರದ್ದಲ್ಲ, ಊರಿನ ಎಲ್ಲರದೂ ಅಲ್ಲ. ಸುತ್ತಲಿನ ನಾಲ್ಕಾರು ಎಸ್ಟೇಟುಗಳ ಒಡೆಯರ ನಡುವೆ ಪಾಲಾಗದೆ ಜಂಟಿಯಾಗಿ ಉಳಿದ ಬೋರೆ, ಜೌಗು, ಗುಡ್ಡ. ಈ ಒಡೆಯರನ್ನು 'ಹೆರಿಟರ್' ಎಂದು ಕರೆಯುತ್ತಿದ್ದರು. ಒಂದೇ ನೆಲದ ಮೇಲೆ ಎರಡು ಬಗೆಯ ಹಕ್ಕು ಕೂತಿರುತ್ತಿತ್ತು. ಕೆಲವರಿಗೆ ನೆಲದ ಒಡೆತನದಲ್ಲೇ ಪಾಲು. ಇನ್ನು ಕೆಲವರಿಗೆ ನೆಲದಲ್ಲಿ ಪಾಲಿಲ್ಲ, ದನ ಮೇಯಿಸುವ, ಪೀಟ್ ಕೊಯ್ಯುವ, ಹುಲ್ಲುಹೆಂಟೆ ಎಬ್ಬಿಸುವ ಅನುಭೋಗದ ಹಕ್ಕು ಮಾತ್ರ. ಯಾರದು ಯಾವುದು ಎಂದು ಹೇಳಬೇಕಾದ ಸನ್ನದುಗಳೇ ಮಸುಕು. 'ಜಂಟಿ ಮೇವಿನ ಹಕ್ಕಿನೊಂದಿಗೆ' ಎಂದು ಬಿಡಿಸಿ ಬರೆದಿದ್ದರೆ ಅನುಭೋಗವಷ್ಟೇ ಸಿಕ್ಕಿತು. 'ಜಮೀನು ಮತ್ತು ಅದಕ್ಕೆ ಸೇರಿದ್ದೆಲ್ಲ' ಎಂದು ತೇಲಿಸಿ ಬರೆದಿದ್ದರೆ, ಬಹುಕಾಲದ ಸ್ವಾಧೀನ ತೋರಿಸಿ ಒಡೆತನವನ್ನೇ ಕೇಳಬಹುದಿತ್ತು. ಚಕ್ಕಬಂದಿ ಕಾಣಿಸಿದ ಸನ್ನದು ಇದ್ದವನು ಮಾತ್ರ ಎಲ್ಲೆಯ ಆಚೆಗೆ ಕೈ ಚಾಚುವಂತಿರಲಿಲ್ಲ. ಅಂದರೆ ಬರಹ ಸಡಿಲವಾದಷ್ಟೂ ಲಾಭ. ತಕರಾರಿನ ಬೇರು ಇಲ್ಲಿದೆ.

ಅದಕ್ಕೆ ನೀರೆರೆದದ್ದು ಪೀಟ್. ಜೌಗಿನಲ್ಲಿ ಸಾವಿರಾರು ವರ್ಷ ಪೂರ್ತಿ ಕೊಳೆಯದೆ ಉಳಿದ ಪಾಚಿ, ಬೇರುಗಳ ಕಪ್ಪು ಪದರ ಇದು. ಮರ ಅಪರೂಪವಾದ ಕಡೆ ಒಲೆಗೆ ಇದೇ ಸೌದೆ. ಹಸಿ ತುಂಡಿಗೆ ಹಿಮ ಹಿಡಿದರೆ ಪುಡಿಪುಡಿಯಾಗುವುದರಿಂದ ಚಳಿ ಕಳೆದ ಮೇಲೆ, ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಕೊಯ್ಲು ಶುರು. ಮೊದಲು ಮೇಲಿನ ಹುಲ್ಲುಹೊದಿಕೆ ಸುಲಿಯಬೇಕು. ಬದಿಗೆ ರೆಕ್ಕೆಯಂಥ ಅಲಗಿರುವ ಉದ್ದ ಸನಿಕೆಯಿಂದ ಇಟ್ಟಿಗೆಯಂತೆ ತುಂಡು ಕೊಯ್ದು ದಡಕ್ಕೆ ಎಸೆಯಬೇಕು. ಆಗ ತಾನೇ ಕೊಯ್ದ ತುಂಡಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಅದನ್ನು ಬಯಲಲ್ಲಿ ಹರವಿ, ಮೇಲ್ಮೈ ತುಸು ಗಟ್ಟಿಯಾದ ಮೇಲೆ ನಾಲ್ಕೈದು ತುಂಡುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ ಗಾಳಿಗೆ ಬಿಡುತ್ತಾರೆ. ಒಣಗಿದ ಮೇಲೆ ಮೆದೆ ಒಟ್ಟಿ ಮನೆಗೆ ಸಾಗಿಸುವುದು. ಹರವಿದ ದಿನದಿಂದ ಮೆದೆ ಏಳುವವರೆಗೆ ಹಲವು ವಾರ ಒಂದು ಮನೆಯ ಇಡೀ ಚಳಿಗಾಲದ ಬೆಂಕಿ ಕಾವಲಿಲ್ಲದೆ ಬಯಲಲ್ಲಿ ಬಿದ್ದಿರುತ್ತದೆ. ಹತ್ತು ಆಳು ಅರ್ಧ ದಿನ ಕಾಲಾಡಿಸಿದರೆ ಎಲ್ಲ ಕೆಸರು. ರಾಜನ ಆಡಳಿತ ಮಂಡಳಿಯಾದ ಪ್ರಿವಿ ಕೌನ್ಸಿಲ್‌ಗೆ ಹೋದ ದೂರುಗಳಲ್ಲಿ ಪೀಟ್ ಹಾಳುಗೆಡವಿದ ಮಾತು ಅಷ್ಟು ಸಲ ಬರುವುದು ಇದಕ್ಕೇ.

ಹುಲ್ಲುಹೆಂಟೆಯದು ಇನ್ನೊಂದು ತಲೆನೋವು. ದಪ್ಪ ಹೆಂಟೆ 'ಫೀಲ್', ಗೋಡೆಗೆ. ತೆಳು ಹಾಸು 'ಡಿವಟ್', ಛಾವಣಿಗೆ. ಡಿವಟ್ ಎಬ್ಬಿಸಲು 'ಫ್ಲಾಕ್ಟರ್' ಎಂಬ ಅಗಲ ಅಲಗಿನ ಸನಿಕೆಯ ಹಿಡಿಗೆ ಮೈಭಾರ ಕೊಟ್ಟು, ನೆಲಕ್ಕೆ ಸಮಾನವಾಗಿ ಮುಂದಕ್ಕೆ ನೂಕಬೇಕು. ಚಾಪೆ ಸುತ್ತಿದಂತೆ ಹುಲ್ಲು ಬೇರುಸಮೇತ ಎದ್ದುಬರುತ್ತದೆ, ಕೆಳಗೆ ಬೋಳು ನೆಲ. ಒಬ್ಬನ ಮನೆಗೆ ಮಾಡು ಏರಿದಾಗ ಇನ್ನೊಬ್ಬನ ದನದ ಮೇವು ಕೆಲವು ವರ್ಷ ಹೋಯಿತೆಂದೇ ಲೆಕ್ಕ. ಇಬ್ಬರಿಗೂ ಹಕ್ಕಿದೆ, ಒಬ್ಬನ ಹಕ್ಕು ಇನ್ನೊಬ್ಬನ ಹಕ್ಕನ್ನು ತಿನ್ನುತ್ತದೆ.

ಈಗ ಕಾಲಮಿತಿಯ ಮಾತು. ಸ್ವಾಧೀನಕ್ಕೆ ಮೊದಲಿನಿಂದಲೂ ತೂಕವಿತ್ತು, 1617ರ ಕಾಯ್ದೆ ಅದಕ್ಕೆ ವರ್ಷದ ಲೆಕ್ಕ ಹಾಕಿತು. ಕೈಯಲ್ಲಿ ಒಂದು ಸನ್ನದು ಇಟ್ಟುಕೊಂಡು 40 ವರ್ಷ ನೆಮ್ಮದಿಯಾಗಿ, ಅಡ್ಡಿಯಿಲ್ಲದೆ ಅನುಭವಿಸಿದರೆ ಹಕ್ಕು ಭದ್ರ. ನಮ್ಮ 1963ರ ಕಾಲಮಿತಿ ಕಾಯ್ದೆಯಲ್ಲಿ ಖಾಸಗಿ ಜಮೀನಿಗೆ 12 ವರ್ಷ ಇರುವ ಹಾಗೆ. 'ಅಡ್ಡಿಯಿಲ್ಲದೆ' ಎನ್ನುವ ಆ ಒಂದು ಪದದಲ್ಲೇ ಎಲ್ಲ ಇರುವುದು. ಅಡ್ಡಿ ಮಾಡಲು ದಾರಿ ಎರಡು. ಒಂದು, ಕೋರ್ಟಿನಿಂದ ಸಮನ್ಸ್ ಕಳಿಸುವುದು. 1669ರ ಕಾಯ್ದೆ ಬಂದ ಮೇಲೆ ಇಂಥ ಸಮನ್ಸನ್ನು ಏಳು ವರ್ಷಕ್ಕೊಮ್ಮೆ ಹೊಸದು ಮಾಡಬೇಕಾಯಿತು, ಮರೆತರೆ ಹಾಕಿದ ಖರ್ಚೂ ಹೋಯಿತು. ಎರಡನೆಯದು, ಜಾಗಕ್ಕೇ ಹೋಗಿ ಅಡ್ಡಗಟ್ಟುವುದು: ದನ ಹೊಡೆಯುವುದು, ಸನಿಕೆ ಕಸಿಯುವುದು, ಹೊಸದಾಗಿ ಉತ್ತ ನೆಲದ ಮೇಲೆ ದನ ಬಿಡುವುದು. ಎರಡಕ್ಕೂ ಕಾನೂನಿನ ಬೆಲೆಯಿತ್ತು. ವಕೀಲರ ಖರ್ಚು ಉಳಿಸಬೇಕೆನ್ನುವ ಲೇರ್ಡ್, ಅಂದರೆ ಅಲ್ಲಿನ ಜಮೀನ್ದಾರ, ಇಪ್ಪತ್ತು ಆಳು ಕಳಿಸುವುದೇ ಸುಲಭ ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಏಟು ತಿಂದವರು ಬಹುಪಾಲು ಒಕ್ಕಲುಗಳು, ಆಳುಗಳು. ಅವರ ಹೆಸರಿಗೆ ಒಂದು ಗೇಣು ನೆಲವೂ ಇರಲಿಲ್ಲ.

ದೂರುಗಳನ್ನು ಓದುವಾಗಲೂ ಎಚ್ಚರ ಬೇಕು. ಪ್ರಿವಿ ಕೌನ್ಸಿಲ್ ಶಾಂತಿಭಂಗವನ್ನು ವಿಚಾರಿಸುತ್ತಿತ್ತು. ನೆಲ ಯಾರದು ಎಂಬುದು ಅಲ್ಲಿನ ಉನ್ನತ ಸಿವಿಲ್ ನ್ಯಾಯಾಲಯವಾದ ಕೋರ್ಟ್ ಆಫ್ ಸೆಷನ್‌ನ ಕೆಲಸ. ಆದ್ದರಿಂದ ಕೌನ್ಸಿಲ್ ಮುಂದೆ ಹೋದವನು ಎದುರಾಳಿ ಯುದ್ಧಸನ್ನದ್ಧನಾಗಿ ಬಂದ, ಇಂತಿಷ್ಟು ಜನ, ಇಂತಿಂಥ ಆಯುಧ ಎಂದು ಒತ್ತಿ ಬರೆಸುತ್ತಿದ್ದ. ಕರೆದಾಗ ಹಾಜರಾಗದವನನ್ನು ಪೇಟೆಯ ಶಿಲುಬೆಗಂಬದ ಬಳಿ ಮೂರು ಸಲ ಕೊಂಬು ಊದಿ ರಾಜದ್ರೋಹಿ ಎಂದು ಸಾರುತ್ತಿದ್ದರು. ಇದಕ್ಕಿಂತ ಉಪಯೋಗಕ್ಕೆ ಬಂದದ್ದು 'ಲಾಬರೋಸ್' ಎಂಬ ಮುಚ್ಚಳಿಕೆ. 1429 ಮತ್ತು 1581ರ ಕಾಯ್ದೆಗಳು ಇದಕ್ಕೆ ಆಧಾರ. ತನಗೆ ಇಂಥವನಿಂದ ಹಾನಿಯ ಭಯವಿದೆ ಎಂದು ಪ್ರಮಾಣ ಮಾಡಿದರೆ ಸಾಕು, ಆತ ತನ್ನಿಂದಲೂ ತನ್ನ ಆಳು ಒಕ್ಕಲುಗಳಿಂದಲೂ ತೊಂದರೆಯಾಗದು ಎಂದು ಜಾಮೀನುದಾರರನ್ನು ಕೊಡಬೇಕು. ಮುರಿದರೆ ದಂಡ, ಅರ್ಧ ರಾಜನಿಗೆ, ಅರ್ಧ ದೂರುದಾರನಿಗೆ. ಆಳುಗಳ ಕೃತ್ಯಕ್ಕೆ ಒಡೆಯನ ಕಿಸೆಗೆ ಕೈ ಹಾಕುವ ಈ ಉಪಾಯ ನನ್ನ ಮಟ್ಟಿಗೆ ಆ ಕಾನೂನಿನ ಅತ್ಯಂತ ಜಾಣ ಭಾಗ.

ಪಟ್ಟಣಗಳ ಜಂಟಿ ನೆಲಕ್ಕೂ ಇದೇ ಕಾಟ. 1262ರಷ್ಟು ಹಿಂದೆಯೇ ಪೀಬಲ್ಸ್ ಪಟ್ಟಣದವರಿಗೂ ರಾಬರ್ಟ್ ಕ್ರೂಕ್ ಎಂಬ ಜಮೀನ್ದಾರನಿಗೂ ಪೀಟ್ ನೆಲದ ಬಗ್ಗೆ ವಿಚಾರಣೆ ನಡೆದಿತ್ತು. ಸೆಲ್‌ಕರ್ಕ್‌ನದು ರಕ್ತದ ಕಥೆ. 1541ರಲ್ಲಿ ಅಲ್ಲಿನ ಪ್ರವೋಸ್ಟ್, ಅಂದರೆ ಪುರಪ್ರಮುಖ, ಜಾನ್ ಮುಥಾಗ್ ಮತ್ತು 'ಬೇಲಿ' ಎಂಬ ಪಟ್ಟಣದ ನ್ಯಾಯಾಧಿಕಾರಿಯ ಹುದ್ದೆಯಲ್ಲಿದ್ದ ಜೇಮ್ಸ್ ಕೀನ್ ಪಟ್ಟಣದ ಜಂಟಿ ನೆಲದ ಪರವಾಗಿ ವಾದಿಸಲು ಎಡಿನ್‌ಬರಾಗೆ ಹೊರಟಿದ್ದರು. ದಾರಿಯಲ್ಲೇ ಅವರ ಕೊಲೆಯಾಯಿತು. ಮುಥಾಗ್ ಹೆಸರಿನ ಬೀದಿ ಇಂದಿಗೂ ಆ ಪಟ್ಟಣದಲ್ಲಿದೆ. ಅಲ್ಲೂ ಹಾಯಿಕ್‌ನಲ್ಲೂ ಪ್ರತಿ ಜೂನ್‌ನಲ್ಲಿ ಜನ ಕುದುರೆ ಏರಿ ಎಲ್ಲೆ ಸುತ್ತುತ್ತಾರೆ. ನೋಡುವವರಿಗೆ ಜಾತ್ರೆಯಂತೆ ಕಂಡರೂ ಅದರ ಮೂಲ ಕೆಲಸ ಬಾಂದುಕಲ್ಲು ಜರುಗಿದೆಯೇ, ಯಾರಾದರೂ ಒಳಗೆ ಉತ್ತಿದ್ದಾರೆಯೇ ಎಂದು ವರ್ಷಕ್ಕೊಮ್ಮೆ ಕಣ್ಣಾರೆ ನೋಡುವುದು. ಸುತ್ತಿದರೂ ಹಾಯಿಕ್‌ಗೆ ಪೂರ್ತಿ ಉಳಿಯಲಿಲ್ಲ. 1777ರಲ್ಲಿ ಅದರ ಜಂಟಿ ನೆಲದ ಸುಮಾರು ಶೇ 30 ಭಾಗ ಬಕ್ಲೂ ಡ್ಯೂಕನ ಪಾಲಾಯಿತು.

ಹೊಡೆದಾಟವನ್ನು ಕೊನೆಗೆ ನಿಲ್ಲಿಸಿದ್ದು ಕಾವಲುಪಡೆಯಲ್ಲ, 1695ರ ಕಾಮಂಟಿ ವಿಭಜನೆ ಕಾಯ್ದೆ. ರಾಜನ ಮತ್ತು ರಾಯಲ್ ಬರೋಗಳ, ಅಂದರೆ ರಾಜನ ಸನ್ನದು ಪಡೆದ ಪಟ್ಟಣಗಳ, ನೆಲ ಬಿಟ್ಟು ಉಳಿದ ಯಾವುದೇ ಕಾಮಂಟಿಯನ್ನು ಒಬ್ಬನೇ ಹಕ್ಕುದಾರ ಕೇಳಿದರೂ ಕೋರ್ಟ್ ಆಫ್ ಸೆಷನ್ ಪಾಲು ಮಾಡಬಹುದಾಯಿತು. ಕೋರ್ಟು ಕಮಿಷನರನ್ನು ನೇಮಿಸುತ್ತದೆ. ಆತ ಜಾಗಕ್ಕೆ ಹೋಗಿ, ಎಲ್ಲೆ ನಡೆದು, ಊರಿನ ಮುದುಕರಿಂದ ಯಾರ ದನ ಎಲ್ಲಿಯವರೆಗೆ ಮೇಯುತ್ತಿತ್ತು ಎಂದು ಸಾಕ್ಷಿ ಬರೆಸಿಕೊಳ್ಳುತ್ತಾನೆ. ಸರ್ವೆಯರ್ ಸುಮಾರು 74 ಅಡಿಯ ಸ್ಕಾಟಿಷ್ ಸರಪಳಿ ಹಿಡಿದು ಅಳೆದು ನಕ್ಷೆ ಬರೆಯುತ್ತಾನೆ. ಅಂಥ ಹತ್ತು ಚದರ ಸರಪಳಿಗೆ ಒಂದು ಸ್ಕಾಟಿಷ್ ಎಕರೆ, ನಮ್ಮ ಎಕರೆಗಿಂತ ಕಾಲು ಪಾಲು ದೊಡ್ಡದು. ನೆಲ ಬಲ್ಲವರು ಗುಣ ನೋಡಿ ಎಕರೆಗೆ ಬೆಲೆ ಕಟ್ಟುತ್ತಾರೆ. ಪಾಲಿನ ಪ್ರಮಾಣ ಮಾತ್ರ ಹದಿನೇಳನೇ ಶತಮಾನದಲ್ಲಿ ಪ್ರತಿ ಎಸ್ಟೇಟಿಗೆ ಬರೆದಿಟ್ಟ ಕಂದಾಯದ ಮೌಲ್ಯದ ಮೇಲೆ. ಪ್ರತಿಯೊಬ್ಬನಿಗೂ ಅವನ ಜಮೀನಿಗೆ ತಾಗಿದ ಕಡೆಯೇ ಕೊಡಬೇಕು.

ಒಂದು ಲೆಕ್ಕ ಹಾಕಿ ನೋಡೋಣ. 800 ಎಕರೆ ಬೋರೆ. 200 ಎಕರೆಗೆ ತಲಾ 3 ಶಿಲ್ಲಿಂಗ್, ಉಳಿದ 600ಕ್ಕೆ ತಲಾ 1, ಒಟ್ಟು 1,200 ಶಿಲ್ಲಿಂಗ್. ಮೂವರು ಹೆರಿಟರುಗಳ ಕಂದಾಯದ ಮೌಲ್ಯ 300, 200, 100 ಪೌಂಡ್. ಪಾಲು 600, 400, 200 ಶಿಲ್ಲಿಂಗ್. ಮೊದಲನೆಯವನು ಒಳ್ಳೆಯ ನೆಲದ ಪಕ್ಕದಲ್ಲಿದ್ದರೆ ಅವನಿಗೆ 200 ಎಕರೆ, ಎರಡನೆಯವನಿಗೆ 400, ಮೂರನೆಯವನಿಗೆ 200. ದೊಡ್ಡ ಪಾಲಿನವನಿಗೆ ಎರಡನೆಯವನ ಅರ್ಧದಷ್ಟೇ ಎಕರೆ! ಹೀಗಾಗಿ ಜಗಳ ಜೌಗಿನಿಂದ ಎದ್ದು ಬೆಲೆ ಕಟ್ಟುವವರ ಮೇಜಿಗೆ ಬಂತು. ಕತ್ತಿಯ ಬದಲು ವಕೀಲರು ಬಂದರು, ದಾವೆಗಳು ವರ್ಷಗಟ್ಟಲೆ ಎಳೆದವು.

ಈ ಲೆಕ್ಕದಲ್ಲಿ ಒಕ್ಕಲಿಗೆ, ಕೂಲಿಯವನಿಗೆ ಎಷ್ಟು ಬಂತು ಎಂದು ನೋಡಿದರೆ ಸೊನ್ನೆ. ಕಂದಾಯದ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಪಾಲಿಲ್ಲ. ತಲೆಮಾರುಗಳಿಂದ ಅವನ ಹಸು ಅಲ್ಲಿ ಮೇಯುತ್ತಿದ್ದರೂ ಅದು ಒಡೆಯನ ಹಕ್ಕಿನ ನೆರಳಲ್ಲಿ ಮೇಯುತ್ತಿತ್ತು ಅಷ್ಟೆ. ಪೀಟ್ ಜೌಗನ್ನು ಪಾಲು ಮಾಡಲಾಗದಿದ್ದರೆ ಜಂಟಿಯಾಗಿಯೇ ಬಿಡಬೇಕು, ಹೋಗಿಬರಲು ದಾರಿ ಇರಬೇಕು ಎಂದು ಕಾಯ್ದೆ ಹೇಳಿದ್ದು ಸ್ವಲ್ಪ ಸಮಾಧಾನ. ಸಣ್ಣ ಹೆರಿಟರುಗಳೂ ಬಚಾವಾಗಲಿಲ್ಲ. 1661ರ ಗಡಿಗೋಡೆ ಕಾಯ್ದೆಯ ಪ್ರಕಾರ ಪಕ್ಕದವನು ಎಲ್ಲೆಗೆ ಕಲ್ಲುಗೋಡೆ ಕಟ್ಟಲು ಹೊರಟರೆ ಅರ್ಧ ಖರ್ಚು ಇವನದು. ಬೋರೆ ಸಿಕ್ಕಿತು, ಜೊತೆಗೆ ಗೋಡೆಯ ಬಿಲ್ಲೂ ಬಂತು.

ಪಾಲು ಮಾಡದೆಯೇ ಜಗಳ ತಡೆಯುವ ಇನ್ನೊಂದು ದಾರಿ ಅದೇ ಕಾನೂನಿನಲ್ಲಿತ್ತು. ಅದನ್ನು ಮರೆತದ್ದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಅದರ ಹೆಸರು ಸೂಮಿಂಗ್. ಒಂದು 'ಸೂಮ್' ಎಂದರೆ ಒಂದು ಹಸುವಿನ ಮೇವು. ಕುರಿಯಾದರೆ ಕೆಲವು ಕಡೆ ಐದು, ಕೆಲವು ಕಡೆ ಹತ್ತು ಸೇರಿ ಒಂದು ಸೂಮ್. ಸೂತ್ರ ಸರಳ: ಚಳಿಗಾಲದಲ್ಲಿ ಸ್ವಂತ ಜಮೀನಿನ ಹುಲ್ಲಿನಿಂದ ಎಷ್ಟು ದನ ಸಾಕಬಲ್ಲೆಯೋ ಬೇಸಿಗೆಯಲ್ಲಿ ಅಷ್ಟನ್ನೇ ಜಂಟಿ ನೆಲಕ್ಕೆ ಬಿಡು. ಹೊರಗಿನಿಂದ ದನ ಕೊಂಡು ತಂದು ಮೇಯಿಸಿ ಮಾರುವ ಹಣವಂತನಿಗೆ ಇದರಿಂದ ಬಾಗಿಲು ಮುಚ್ಚುತ್ತದೆ. ಹೈಲ್ಯಾಂಡ್ಸ್ ಮತ್ತು ದ್ವೀಪಗಳ ಕ್ರಾಫ್ಟರುಗಳು, ಅಂದರೆ ತುಂಡು ಹಿಡುವಳಿಯ ಗೇಣಿದಾರರು, ಇದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಸಾವಿರಕ್ಕೂ ಹೆಚ್ಚು ಜಂಟಿ ಗೋಮಾಳಗಳು, 5 ಲಕ್ಷ ಹೆಕ್ಟೇರ್‌ಗೂ ಮಿಗಿಲಾದ ನೆಲ ಈ ಪದ್ಧತಿಯಲ್ಲಿದೆ. ಅದೂ ಪುಕ್ಕಟೆ ಬಂದದ್ದಲ್ಲ. 1882ರ ಏಪ್ರಿಲ್‌ನಲ್ಲಿ ಸ್ಕೈ ದ್ವೀಪದ ಬ್ರೇಸ್‌ನಲ್ಲಿ ಬೆನ್ ಲೀ ಗುಡ್ಡದ ಮೇವಿಗಾಗಿ ಒಕ್ಕಲುಗಳು ಗೇಣಿ ನಿಲ್ಲಿಸಿದರು, ನೋಟಿಸು ತಂದವನ ಕಾಗದ ಸುಡಿಸಿದರು. ಅವರನ್ನು ಹಿಡಿಯಲು ಗ್ಲಾಸ್ಗೋದಿಂದ ಸುಮಾರು 50 ಪೊಲೀಸರು ಬಂದಾಗ ಗಂಡಸರು, ಹೆಂಗಸರು ಕಲ್ಲು, ದೊಣ್ಣೆ ಹಿಡಿದು ಎದುರಿಸಿದರು. ಮರುವರ್ಷ ಕ್ರಾಫ್ಟರುಗಳ ಅಹವಾಲು ಕೇಳಲು ನೇಪಿಯರ್ ಆಯೋಗ ಕೂತಿತು, 1886ರಲ್ಲಿ ಕ್ರಾಫ್ಟರುಗಳ ಕಾಯ್ದೆ ಬಂತು.

ನಮಗೂ ಆ ನಾಡಿಗೂ ನಂಟು ಇಲ್ಲದಿಲ್ಲ. 1799–1800ರಲ್ಲಿ ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಗ್ಲಾಸ್ಗೋದವರು. ಅದೇ ಸುಮಾರಿಗೆ ಮೈಸೂರು, ಕೆನರಾ ಸುತ್ತಿ ಬರೆದ ಫ್ರಾನ್ಸಿಸ್ ಬುಕಾನನ್ ಪರ್ತ್‌ಶೈರ್‌ನವರು. ಮೈಸೂರಿನ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದ ಸ್ಟಾರ್ನೊವೇಯವರು. ಕಾಮಂಟಿಗಳ ವಿಭಜನೆ ಭರದಿಂದ ನಡೆದ ಶತಮಾನದಲ್ಲಿ ಬೆಳೆದವರು ಇವರು. ಉತ್ತರ ಕನ್ನಡದ ಸೊಪ್ಪಿನ ಬೆಟ್ಟದಲ್ಲಿ ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ಅಡಿಕೆ ತೋಟದ್ದು. ಸ್ಕಾಟಿಷ್ ವಕೀಲನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ.

ಗೋಮಾಳಕ್ಕೆ ಬಂದರೆ, 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 97ನೇ ನಿಯಮ ಪ್ರತಿ 100 ದನಕ್ಕೆ 12 ಹೆಕ್ಟೇರ್ ಎಂದು ಹೇಳುತ್ತದೆ. ಅದು ಊರಿನ ಲೆಕ್ಕ, ಮನೆಯ ಲೆಕ್ಕವಲ್ಲ. ದನಗಣತಿ ಇಳಿದರೆ 'ಹೆಚ್ಚುವರಿ ಗೋಮಾಳ' ಹುಟ್ಟುತ್ತದೆ, ಅದು ಬೇರೆ ಉದ್ದೇಶಕ್ಕೆ ಹೋಗುವ ದಾರಿ ತೆರೆಯುತ್ತದೆ. ಯಾವ ಮನೆಯಿಂದ ಎಷ್ಟು ದನ, ಎಷ್ಟು ಕುರಿ ಎಂಬ ಪಟ್ಟಿ ಎಲ್ಲೂ ಇಲ್ಲದ್ದರಿಂದ ಬಡವನ ಎರಡು ಎಮ್ಮೆಗೂ ಇನ್ನೊಬ್ಬನ ಇನ್ನೂರು ಕುರಿಗೂ ಒಂದೇ ಮಾನ. ಕಂದಾಯ ಇಲಾಖೆ ಗೋಮಾಳದ ಗಡಿ ಅಳೆದು ಬಾಂದುಕಲ್ಲು ನೆಡುವಾಗ ಆ ಮನೆವಾರು ಪಟ್ಟಿಯನ್ನೂ ಗ್ರಾಮಸಭೆಯಲ್ಲಿ ಓದಿಸಿ ಸಹಿ ಹಾಕಿಸಲಿ, ನಕ್ಷೆಯ ಜೊತೆಗೆ ಪಂಚಾಯಿತಿಯ ಗೋಡೆಗೆ ಹಚ್ಚಲಿ. ವರ್ಷಕ್ಕೊಂದು ದಿನ ಊರವರೆಲ್ಲ ಆ ಕಲ್ಲುಗಳ ಉದ್ದಕ್ಕೂ ನಡೆದು ಬರಲಿ.

ಇಂತಿ,
ಭೂ ದಾಖಲೆಗಳಲ್ಲಿ ಆಸಕ್ತಿಯುಳ್ಳ ಓದುಗ