ಎರಡು ಗಂಟೆಯಲ್ಲಿ ತಿಳಿಯದ ಆಟ

ಮಾನ್ಯ ಸಂಪಾದಕರೇ,

ಸಣ್ಣ ತಂಡವೊಂದು ರೂಪಿಸಿದ, ಸರದಿಯಂತೆ ಆಡುವ ಮಾಯಾಲೋಕದ ಕಂಪ್ಯೂಟರ್ ಆಟವೊಂದನ್ನು ಕೊಡಿಸಿ ಎಂದು ಪಿಯುಸಿ ಮುಗಿಸಿದ ಮಗ ತಿಂಗಳಿನಿಂದ ಕೇಳುತ್ತಿದ್ದಾನೆ. ಬೇಡವೆನ್ನಲು ಹೊರಟಿದ್ದ ನಾನು ವಿಚಾರಿಸಿ ನೋಡಿದಾಗ, ಚದುರಂಗದಂತೆ ಒಂದು ನಡೆ ನಡೆಸಿ ಎದುರಾಳಿಯ ನಡೆಗೆ ಕಾಯುವ ಈ ಬಗೆಯ ಆಟ ಕೈಚಳಕಕ್ಕಿಂತ ಯೋಚನೆಯನ್ನು ಬೇಡುತ್ತದೆಂದೂ, ಇಂಥವುಗಳಲ್ಲಿ ಹಲವು ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆಂದೂ ತಿಳಿಯಿತು. ಮಳೆಗಾಲದಲ್ಲಿ ನಮ್ಮ ಮೂಡಿಗೆರೆ ಕಡೆ ಇಂಟರ್‌ನೆಟ್ ಕೈಕೊಟ್ಟರೂ, ಕಂಪ್ಯೂಟರನ್ನೇ ಎದುರಾಳಿಯಾಗಿಸಿ ಒಬ್ಬರೇ ಆಡುವ ಆಟವಾದ್ದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಕರೆಂಟೇ ಹೋದರೆ ಮಾತು ಬೇರೆ.

ನನ್ನ ತಕರಾರು ಮರುಪಾವತಿಯ ನಿಯಮದ ಬಗ್ಗೆ. ಕಂಪ್ಯೂಟರ್ ಆಟಗಳನ್ನು ಮಾರುವ ‘ಸ್ಟೀಮ್’ ಎಂಬ ಆನ್‌ಲೈನ್ ಮಳಿಗೆಯಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಮರಳಿ ಕೇಳಬಹುದು. ಕಾರು ಓಡಿಸುವ ಆಟಕ್ಕೆ ಇದು ಸಾಕು. ಆದರೆ ಮೂವತ್ತು ನಲವತ್ತು ಗಂಟೆ ಹಬ್ಬುವ ಕಥೆಯಲ್ಲಿ ಪಾತ್ರವನ್ನು ಆರಿಸಿ, ಹೆಸರಿಟ್ಟು, ಮೊದಲ ಊರು ದಾಟುವಷ್ಟರಲ್ಲಿ ಆ ಅವಧಿ ತೀರಿರುತ್ತದೆ. ಆದ್ದರಿಂದ ಉಚಿತ ಡೆಮೊ ಇದ್ದರೆ ಅದನ್ನೇ ಮೊದಲು ಆಡಿ ನೋಡುವುದು, ‘ಅರ್ಲಿ ಆಕ್ಸೆಸ್’ ಎಂದಿದ್ದರೆ ಆಟ ಇನ್ನೂ ಪೂರ್ಣಗೊಂಡಿಲ್ಲವೆಂದರಿತು ಕಾಯುವುದು ಲೇಸೆಂದು ನನ್ನ ಅಭಿಪ್ರಾಯ. ಡೆಮೊ ಮುಗಿಸಿದ ಮೇಲೂ ಮಗ ಅದನ್ನೇ ಕೇಳಿದರೆ ಕೊಡಿಸುವುದಾಗಿ ಒಪ್ಪಿದ್ದೇನೆ.

– ಓದುಗರೊಬ್ಬರು, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ