ಎದೆನೋವು ಇಲ್ಲ ಅಂದರೂ ಇಸಿಜಿ ಮಾಡಿಸಿ, ಸಚಿವರೇ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಮ್ಮ ಬೇಡಿಕೆ ಒಂದೇ. ಶುಗರ್ ಇರುವವರು ಬೆವರುತ್ತಾ, ಏದುಸಿರು ಬಿಡುತ್ತಾ, ಹೊಟ್ಟೆ ಉರಿ ಅಂತ ಸರ್ಕಾರಿ ಆಸ್ಪತ್ರೆಗೆ ಬಂದರೆ, ಎದೆನೋವು ಇರಲಿ ಬಿಡಲಿ, ಹಾರ್ಟ್ ಅಟ್ಯಾಕ್ ಇದೆಯಾ ಅಂತ 10 ನಿಮಿಷದೊಳಗೆ ಇಸಿಜಿ ಮಾಡಿ. ಈ 10 ನಿಮಿಷದ ಲೆಕ್ಕ ನಿಮ್ಮ ಇಲಾಖೆಗೆ ಗೊತ್ತೇ ಇರುತ್ತದೆ, ನಾನೇನು ಹೊಸದಾಗಿ ಹೇಳುವುದು.

ನಮ್ಮ ಅಮ್ಮನಿಗೆ ಬಹಳ ವರ್ಷದಿಂದ ಶುಗರ್. ಅವತ್ತು ಸಂಜೆ ಸೀರೆ ಒದ್ದೆಯಾಗುವಷ್ಟು ಬೆವರು, ವಾಂತಿ, ಎರಡು ಮಾತಾಡಿದರೆ ಉಸಿರು ಸಾಲದು. ಆಟೋ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋದೆವು. 'ಎದೆ ನೋವಿದೆಯಾ ಅಜ್ಜಿ?' 'ಇಲ್ಲಪ್ಪ.' 'ಹಾಗಾದ್ರೆ ಗ್ಯಾಸ್ಟ್ರಿಕ್.' ಒಂದು ಇಂಜೆಕ್ಷನ್ ಚುಚ್ಚಿದರು. ಒಂದ್ಸಲ ಇಸಿಜಿ ಮಾಡಿ ಸಾರ್ ಅಂದೆ. ಮಷೀನಿನ ರೂಮಿಗೆ ಬೀಗ, ಕೀ ಟೆಕ್ನಿಷಿಯನ್ ಹತ್ರ, ಟೆಕ್ನಿಷಿಯನ್ ಮನೆಗೆ ಹೋಗಿದ್ದಾರಂತೆ. ಕಿಟಕಿಯಿಂದ ಮಷೀನ್ ಕಾಣುತ್ತಿತ್ತು. ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಒಣಗಿದ ಸೇವಂತಿಗೆ ಹಾರ. ಆಯುಧ ಪೂಜೆಗೆ ಮಾತ್ರ ಕೀ ಸಿಕ್ಕಿತ್ತು, ನೋಡಿ!

ಮಾರನೇ ದಿನ ಜಿಲ್ಲಾ ಕೇಂದ್ರದಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದವರು ಹಾರ್ಟ್ ಅಟ್ಯಾಕ್ ಆಗಿಹೋಗಿದೆ, ಒಂದು ಕಡೆಯ ಸ್ನಾಯು ಸತ್ತಿದೆ ಅಂದರು. ಅಮ್ಮ ಬದುಕಿದ್ದಾರೆ. ಬಚ್ಚಲಿಗೆ ಹೋಗಿಬಂದರೆ ಮಂಚದ ಮೇಲೆ ಕೂತು ಸುಧಾರಿಸಿಕೊಳ್ಳಬೇಕು, ಅಷ್ಟೇ.

ಆಮೇಲೆ ಹೃದಯದ ಡಾಕ್ಟರು ಬಿಡಿಸಿ ಹೇಳಿದರು. ಹಳೇ ಶುಗರ್ ನರಗಳನ್ನು ಕೆಡಿಸುತ್ತದೆ, ಹಾಗಾಗಿ ರಕ್ತ ಸಾಲದೆ ಹೃದಯ ಒದ್ದಾಡುತ್ತಿದ್ದರೂ ಎಷ್ಟೋ ಜನಕ್ಕೆ ನೋವೇ ಗೊತ್ತಾಗುವುದಿಲ್ಲ. ಜೊತೆಗೆ ಅವರ ಹೃದಯ ಸಕ್ಕರೆಗಿಂತ ಕೊಬ್ಬನ್ನೇ ಜಾಸ್ತಿ ಉರಿಸುತ್ತದೆ, ಅದಕ್ಕೆ ಆಮ್ಲಜನಕವೂ ಜಾಸ್ತಿ ಬೇಕು. ರಕ್ತ ನಿಂತಾಗ ಸಿಗದೇ ಹೋಗುವುದು ಆ ಆಮ್ಲಜನಕವೇ. ಸಣ್ಣ ರಕ್ತನಾಳಗಳೂ ಹಾಳಾಗಿರುತ್ತವೆ, ದೊಡ್ಡ ಬ್ಲಾಕ್ ತೆಗೆದ ಮೇಲೂ ರಕ್ತ ಸರಿಯಾಗಿ ಹರಿಯದೇ ಇರಬಹುದು. ನೋವು ಕಮ್ಮಿ, ಹಾನಿ ಜಾಸ್ತಿ. ನಿಮ್ಮ ಆಸ್ಪತ್ರೆಯಲ್ಲಿ ಮಾತ್ರ 'ನೋವಿದೆಯಾ' ಅನ್ನುವುದೊಂದೇ ಪ್ರಶ್ನೆ.

2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ. ಒಳ್ಳೆಯ ಕೆಲಸ, ಸುಮ್ನೆ ಹೊಗಳುತ್ತಿಲ್ಲ. ಆದರೆ ಆ ಇಂಜೆಕ್ಷನ್ ಕೊಡಬೇಕಾದರೆ ಮೊದಲು ಇಸಿಜಿ ಆಗಬೇಕು ಅಲ್ವಾ ಸಾರ್? ಗೃಹ ಆರೋಗ್ಯ ಯೋಜನೆ ಅಂತ ಮನೆಮನೆಗೆ ಬಂದು ಶುಗರ್ ನೋಡುತ್ತೀರಿ, ಅದೇ ಶುಗರ್ ಪೇಷೆಂಟ್ ರಾತ್ರಿ ಆಸ್ಪತ್ರೆಗೆ ಬಂದರೆ ಗ್ಯಾಸ್ಟ್ರಿಕ್ ಅಂತ ವಾಪಸ್ ಕಳಿಸುತ್ತೀರಿ.

ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಶುಗರ್ ಇದೆ, ಬೆವರು ಇದೆ, ಉಸಿರು ಕಟ್ಟುತ್ತಿದೆ ಅಂದರೆ ಇಸಿಜಿ ಮಾಡಿ. ನೋವು ಕೇಳಬೇಡಿ, ಇಸಿಜಿ ಮಾಡಿ. ಹೀಗಂತ ಒಂದು ಸುತ್ತೋಲೆ ಹೊರಡಿಸಿ, ಎಲ್ಲ ತಾಲ್ಲೂಕು ಆಸ್ಪತ್ರೆಗೂ ಕಳಿಸಿ. ಅದರಲ್ಲೇ ರಾತ್ರಿ ಪಾಳಿಯಲ್ಲಿ ಇಸಿಜಿ ರೂಮಿನ ಕೀ ಯಾರ ಹತ್ರ ಇರಬೇಕು ಅಂತಲೂ ಒಂದು ಸಾಲು ಬರೆಸಿಬಿಡಿ.

ಇಂತಿ,
ಒಬ್ಬ ಮತದಾರ