ಹಿಮ ಬೀಳುವ ಮುಂಚೆ ಕೊಯ್ದುಬಿಡಿ

ಎಲ್ಲರಿಗೂ ನಮಸ್ಕಾರ. ರಾತ್ರಿ ತಾಪಮಾನ 0 ಡಿಗ್ರಿಗೆ ಇಳಿಯುವ ಮುನ್ಸೂಚನೆ ಇದ್ದರೆ ಅವತ್ತು ಸಂಜೆಯೊಳಗೇ ಟೊಮೆಟೊ, ಬದನೆ, ದಪ್ಪ ಮೆಣಸಿನಕಾಯಿ, ಬೀನ್ಸ್ ಎಲ್ಲ ಕಿತ್ತುಬಿಡಿ. ಇವು ಒಂದು ರಾತ್ರಿಯ ಹಿಮವನ್ನೂ ತಡೆಯುವುದಿಲ್ಲ. ಒಳಗಿನ ನೀರು ಗಟ್ಟಿಯಾಗಿ ಜೀವಕೋಶ ಒಡೆಯುತ್ತದೆ, ಬೆಳಿಗ್ಗೆ ನೋಡಿದರೆ ಗಿಡ ಕಪ್ಪಾಗಿ ಜೋತು ಬಿದ್ದಿರುತ್ತದೆ. ತಿಂಗಳುಗಟ್ಟಲೆ ನೀರು ಹಾಕಿ ಬೆಳೆಸಿದ್ದು, ಹಾಗೆ ನೋಡುವುದು ತುಂಬಾ ಸಂಕಟ ಅಲ್ವಾ?

ಕ್ಯಾರೆಟ್, ಎಲೆಕೋಸು, ಪಾಲಕ್ ಬಗ್ಗೆ ಅವಸರ ಬೇಡ. ಸ್ವಲ್ಪ ಚಳಿ ತಗುಲಿದರೆ ಅವುಗಳ ಸಿಹಿಯೇ ಜಾಸ್ತಿ ಆಗುತ್ತದೆ.

ಹಸಿರು ಟೊಮೆಟೊ ಸುಮ್ನೆ ಎಸೆಯಬೇಡಿ! ಹಣ್ಣಾದ ಬಾಳೆಯ ಜೊತೆ ಕಾಗದದ ಚೀಲದಲ್ಲಿಡಿ. ಬಾಳೆಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಬೇಗ ಕೆಂಪಾಗುತ್ತವೆ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ರುಚಿ ಹೋಗುತ್ತದೆ.

ಬೀನ್ಸ್ ಅನ್ನು ಕುದಿಯುವ ನೀರಲ್ಲಿ 3 ನಿಮಿಷ ಬೇಯಿಸಿ, ತಕ್ಷಣ ಐಸ್ ನೀರಿಗೆ ಹಾಕಿ, ಒರೆಸಿ ಫ್ರೀಜರ್‌ನಲ್ಲಿಡಿ. ಉಳಿದ ಟೊಮೆಟೊ, ಬದನೆ, ಮೆಣಸಿನಕಾಯಿಯನ್ನು ಈರುಳ್ಳಿ, ಬೆಳ್ಳುಳ್ಳಿ ಜೊತೆ ಒಂದೇ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ. ನನಗೆ ಇದೇ ಇಷ್ಟ. ಅಳತೆ ಏನೂ ಬೇಡ, ಗಟ್ಟಿಯಾದರೆ ಸಾಕು.

ಯಾರಿಗಾದರೂ ಸಂಜೆ ಕೊಯ್ಯಲು ಇನ್ನೊಂದು ಕೈ ಬೇಕಿದ್ದರೆ ಇಲ್ಲೇ ಬರೆಯಿರಿ, ನಾನು ಬರುತ್ತೇನೆ.